ಓದೋದು ಬಿಟ್ಟು ಪುಸ್ತಕ ಓದ್ತಾ ಕೂತಿದ್ದಾನೆ



ಹೋದ ಭಾನುವಾರ ಮಗಳ ಮನೆಗೆ ಹೋಗಿದ್ದೆ. ಮೊಮ್ಮಗ ಏಳನೇ ಕ್ಲಾಸು. ಮಾರನೆಯ ದಿನ ಯೂನಿಟ್ ಟೆಸ್ಟಂತೆ. ಹುಡುಗ ಮಂಚಕ್ಕೂ ಗೋಡೆಗೂ ನಡುವಿನ ಸಂದಿಯಲ್ಲಿ ಕಾಲು ಮಡಚಿ ಕೂತು ಯಾವುದೋ ಕತೆಪುಸ್ತಕದಲ್ಲಿ ಮುಳುಗಿಹೋಗಿದ್ದ. ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದ ಮಗಳು ನೋಡಿದಳು. "ನೋಡಪ್ಪ ನಿನ್ನ ಮೊಮ್ಮಗನ್ನ, ಓದೋದು ಬಿಟ್ಟು ಪುಸ್ತಕ ಓದ್ತಾ ಕೂತಿದ್ದಾನೆ!" ಎಂದಳು.

ಹೇಳಿದ ಅವಳಿಗೂ ನಗು ಬರಲಿಲ್ಲ, ಹೇಳಿಸಿಕೊಂಡ ಅವನಿಗೂ ಏನೂ ವಿಚಿತ್ರ ಅನ್ನಿಸಲಿಲ್ಲ. ಪುಸ್ತಕ ಮುಚ್ಚಿಟ್ಟು ಎದ್ದುಹೋದ. ನನಗಾದರೂ ಅದು ಹೊಳೆದದ್ದು ರಾತ್ರಿ ಮಲಗಿದ ಮೇಲೆ. ಮೂವತ್ತನಾಲ್ಕು ವರ್ಷ ಸರ್ಕಾರಿ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾಗಿದ್ದವನು ನಾನು. ಇದೇ ಮಾತನ್ನು ಎಷ್ಟು ಮಕ್ಕಳಿಗೆ ಎಷ್ಟು ಸಲ ಹೇಳಿದ್ದೇನೋ. ಓದೋದು ಬಿಟ್ಟು ಓದುತ್ತಾ ಕೂರುವುದು ಹೇಗೆ ಸಾಧ್ಯ? ಕನ್ನಡದಲ್ಲಿ ಸಾಧ್ಯ. ನಮ್ಮಲ್ಲಿ 'ಓದು' ಎಂಬ ಒಂದೇ ಹೆಸರಿನ ಎರಡು ಕೆಲಸಗಳಿವೆ, ಅವೆರಡೂ ದಾಯಾದಿಗಳು.

"ಹುಡುಗ ಎಷ್ಟು ಓದಿದ್ದಾನೆ?" ಎಂದು ಹೆಣ್ಣಿನ ಕಡೆಯವರು ವಿಚಾರಿಸಿದರೆ ಯಾರೂ ಕಾರಂತರ ಕಾದಂಬರಿಗಳ ಲೆಕ್ಕ ಕೊಡುವುದಿಲ್ಲ, ಬಿ.ಇ. ಎನ್ನುತ್ತಾರೆ, ಬಿ.ಕಾಂ. ಎನ್ನುತ್ತಾರೆ. 'ಓದಿದವರು' ಎಂದರೆ ಡಿಗ್ರಿ ಆದವರು. ಮನೆಯ ಬೀರುವಿನಲ್ಲಿ ಪಂಚಾಂಗ ಬಿಟ್ಟರೆ ಬೇರೆ ಪುಸ್ತಕ ಇಲ್ಲದಿದ್ದರೂ ಅವರು ಓದಿದವರೇ. ಇನ್ನು 'ಓದ್ಕೋ' ಎಂಬ ಮಾತು. ಬರೀ 'ಓದು' ಅಲ್ಲ, 'ಓದಿಕೋ'. ವ್ಯಾಕರಣ ಹೇಳಿದವನ ಚಾಳಿ, ಕ್ಷಮಿಸಿ, ಆದರೆ ಈ 'ಕೊಳ್ಳು' ಎಂಬ ಬಾಲ ಗಮನಿಸಿ. ಮಾಡಿಕೊ, ಗಳಿಸಿಕೊ, ಇಟ್ಟುಕೊ. ಕ್ರಿಯಾಪದಕ್ಕೆ ಈ ಬಾಲ ಅಂಟಿತೆಂದರೆ ಅಲ್ಲಿ ಕೈಗೆ ಬರಬೇಕಾದ ಲಾಭವೊಂದು ಇದೆ ಎಂದು ಅರ್ಥ. ಮಗು ಒಂದನೇ ಕ್ಲಾಸಿನಲ್ಲಿ 'ಓದುತ್ತದೆ'. ಐದು, ಆರನೇ ಕ್ಲಾಸಿಗೆ ಬರುವಷ್ಟರಲ್ಲಿ 'ಓದಿಕೊಳ್ಳಲು' ಶುರುಮಾಡುತ್ತದೆ. ನನ್ನ ಅನುಭವದಲ್ಲಿ ಸುಖಕ್ಕೆ ಓದುವ ಅಭ್ಯಾಸ ಕಳಚಿಬೀಳುವುದು ಸರಿಯಾಗಿ ಆ ಸಂದಿನಲ್ಲಿ.

ನಮ್ಮ ಹಿರಿಯರು ಓದು ಎಂಬುದನ್ನು ಬೇರೆಯದೇ ಅರ್ಥದಲ್ಲಿ ಬಳಸುತ್ತಿದ್ದರು. ನಾನು ಚಿಕ್ಕವನಿದ್ದಾಗ ನಮ್ಮೂರಲ್ಲಿ ಮಳೆ ಹೋದರೆ ವಿರಾಟಪರ್ವ ಓದಿಸುವ ಪದ್ಧತಿ ಇತ್ತು. ಓದುವವರು ಒಬ್ಬರು, ಅರ್ಥ ಹೇಳುವವರು ಇನ್ನೊಬ್ಬರು, ಕೇಳುವುದು ಇಡೀ ಊರು. ಕೇಳುತ್ತಿದ್ದವರಲ್ಲಿ ಮುಕ್ಕಾಲು ಪಾಲು ಜನಕ್ಕೆ ಅಕ್ಷರ ಬರುತ್ತಿರಲಿಲ್ಲ. ಆದರೆ ಉತ್ತರಕುಮಾರನ ಪೌರುಷದ ಜಾಗ ಬರುತ್ತದೆ ಎಂದು ಗೊತ್ತಾದ ದಿನ ಹೊಲದ ಕೆಲಸ ಬೇಗ ಮುಗಿಸಿ, ಎಲೆಅಡಿಕೆ ಚೀಲ ಸಿಕ್ಕಿಸಿಕೊಂಡು, ಕಂಬಳಿ ಹೊದ್ದು ಬಂದು ಕೂರುತ್ತಿದ್ದರು. ಮುಂದಿನ ಕತೆ ಎಲ್ಲರಿಗೂ ಗೊತ್ತು. ಗೊತ್ತಿದ್ದರೂ ಬರುತ್ತಿದ್ದರು, ಬಹುಶಃ ಗೊತ್ತಿದ್ದುದರಿಂದಲೇ ಬರುತ್ತಿದ್ದರು. ಮುಗಿದ ಮೇಲೆ "ಈ ಪ್ರಸಂಗದಿಂದ ನೀವು ಕಲಿತ ನೀತಿ ಏನು?" ಎಂದು ಯಾರೂ ಅವರನ್ನು ಕೇಳಲಿಲ್ಲ. ಕೇಳಿದ್ದರೆ ಮಾರನೆಯ ರಾತ್ರಿ ದೇವಸ್ಥಾನದ ಜಗಲಿ ಖಾಲಿ.

ಹೈಸ್ಕೂಲಿಗೆಂದು ತಾಲ್ಲೂಕು ಕೇಂದ್ರಕ್ಕೆ ಬಂದಾಗ ನನಗೆ ಸಿಕ್ಕಿದ್ದು ಸರ್ಕ್ಯುಲೇಟಿಂಗ್ ಲೈಬ್ರರಿ. ಹೆಸರು ದೊಡ್ಡದು, ಅಂಗಡಿ ಮಾತ್ರ ಟೈಲರ್ ಅಂಗಡಿಯ ಪಕ್ಕದ ಒಂದು ಗೂಡು. ದಿನಕ್ಕೆ ಹತ್ತು ಪೈಸೆ ಬಾಡಿಗೆ. ಎರಡು ದಿನ ಇಟ್ಟುಕೊಂಡರೆ ಇಪ್ಪತ್ತು ಪೈಸೆ ಆಗುತ್ತದೆಂದು ಒಂದೇ ರಾತ್ರಿಯಲ್ಲಿ ಮುಗಿಸಬೇಕು. ನನ್ನ ಓದಿನ ವೇಗಕ್ಕೆ ಯಾವ ಮೇಷ್ಟ್ರೂ ಕಾರಣರಲ್ಲ, ಆ ಹತ್ತು ಪೈಸೆ ಕಾರಣ. ಅ.ನ.ಕೃ., ತ್ರಿವೇಣಿ ಎಲ್ಲ ದೊಡ್ಡವರು ಒಯ್ಯುತ್ತಿದ್ದರು. ನಮಗೆ ಬೇಕಾಗಿದ್ದದ್ದು ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿ. ಪತ್ತೇದಾರ ಪುರುಷೋತ್ತಮ ಒಬ್ಬ, ಮಧುಸೂದನ ಇನ್ನೊಬ್ಬ. ಹೆಚ್ಚೇನೂ ಶಾಲೆ ಕಲಿಯದ ಆ ಮಹಾನುಭಾವರು ನೂರಾರು ಕಾದಂಬರಿ ಬರೆದರು. ಕನ್ನಡದ ಸಾಹಿತ್ಯ ಚರಿತ್ರೆಗಳಲ್ಲಿ ಅವರಿಗೆ ಸಿಕ್ಕಿರುವ ಜಾಗ ಒಂದೆರಡು ಸಾಲು, ಅದೂ ಸಿಕ್ಕಿದ್ದರೆ. ಆದರೆ ನನ್ನ ತಲೆಮಾರಿನ ಎಷ್ಟೋ ಜನರನ್ನು ಓದಿಗೆ ಹಚ್ಚಿದವರು ಅವರೇ. ನಾನು ಒಯ್ದ ಪುಸ್ತಕವೊಂದರಲ್ಲಿ ಕೊನೆಯ ಎಂಟು ಪುಟ ಹರಿದುಹೋಗಿತ್ತು. ಕೊಲೆಗಾರ ಯಾರೆಂದು ಇವತ್ತಿಗೂ ನನಗೆ ಗೊತ್ತಿಲ್ಲ. ವಾರಗಟ್ಟಲೆ ನಾನೂ ನನ್ನ ಗೆಳೆಯನೂ ಕೆರೆ ಏರಿಯ ಮೇಲೆ ನಡೆಯುತ್ತ ಅದಕ್ಕೆ ಮುಕ್ತಾಯ ಕಟ್ಟಿದ್ದೇವೆ. ಮುಂದೆ ಎಂ.ಎ. ತರಗತಿಯಲ್ಲಿ ವಿಮರ್ಶೆ ಎಂದು ಕಲಿತದ್ದರಲ್ಲಿ ಅಂಥ ಹುರುಪು ಇರಲಿಲ್ಲ.

ಆಗ ಮಕ್ಕಳೆಲ್ಲ ಓದುತ್ತಿದ್ದರು ಎಂದು ಮಾತ್ರ ನಾನು ಹೇಳುವುದಿಲ್ಲ. ಹಳೆಯ ಕಾಲದವರು ಮೈಕು ಸಿಕ್ಕರೆ ಹೇಳುವ ಮೊದಲ ಸುಳ್ಳು ಅದು. ನಮ್ಮ ಕ್ಲಾಸಿನಲ್ಲಿ ನಲವತ್ತು ಹುಡುಗರಿದ್ದರೆ ಆ ಗೂಡಂಗಡಿಗೆ ಹೋಗುತ್ತಿದ್ದವರು ಆರೋ ಏಳೋ ಜನ. 'ಚಂದಮಾಮ' ಕನ್ನಡದಲ್ಲಿ ಬರತೊಡಗಿದ್ದು 1949ರಲ್ಲಿ. ನಮ್ಮೂರಿಗೆ ಬರುತ್ತಿದ್ದದ್ದು ಒಂದೇ ಪ್ರತಿ, ಶಾನುಭೋಗರ ಮನೆಗೆ. ಹೆಗಲ ಮೇಲೆ ಶವ, ಕೈಯಲ್ಲಿ ಕತ್ತಿ ಹಿಡಿದು ನಡೆಯುವ ವಿಕ್ರಮನ ಚಿತ್ರವನ್ನು ನಾವು ಅವರ ಜಗಲಿಯಲ್ಲಿ ಒಬ್ಬರ ಭುಜದ ಮೇಲಿಂದ ಒಬ್ಬರು ಇಣುಕಿ ನೋಡಿದ್ದೇ ಹೊರತು ಕೈಗೆ ಪುಸ್ತಕ ಬಂದದ್ದು ಕಡಿಮೆ. ಸಿಗುತ್ತಿದ್ದದ್ದು ಕಡಿಮೆ, ಆದರೆ ಸಿಕ್ಕಿದ್ದಕ್ಕೆ ಯಾರೂ ಲೆಕ್ಕ ಕೇಳುತ್ತಿರಲಿಲ್ಲ. ನಾನು ಹೇಳಬೇಕೆಂದಿರುವುದು ಇಷ್ಟೇ. ಓದಿದ್ದಕ್ಕೆ ಲೆಕ್ಕ ಕೇಳಲು ಶುರುಮಾಡಿದ ದಿನ ಮಗು ಓದು ಬಿಡುತ್ತದೆ.

ಲೆಕ್ಕ ಕೇಳುವವರಲ್ಲಿ ಮೊದಲಿಗರು ನಾವು, ಭಾಷೆಯ ಮೇಷ್ಟ್ರುಗಳು. ನಮ್ಮ ಪ್ರಶ್ನೆಪತ್ರಿಕೆಯನ್ನು ನೀವೆಲ್ಲ ಬರೆದವರೇ. ಬಿಟ್ಟ ಸ್ಥಳ ತುಂಬಿರಿ, ಹೊಂದಿಸಿ ಬರೆಯಿರಿ, ಈ ಮಾತನ್ನು ಯಾರು ಯಾರಿಗೆ ಹೇಳಿದರು. ಆಮೇಲೆ ಬರುತ್ತದೆ, 'ಸಂದರ್ಭ ಸೂಚಿಸಿ ಸ್ವಾರಸ್ಯ ವಿವರಿಸಿ'. ಸ್ವಾರಸ್ಯ! ಎಂಥ ಚೆಂದದ ಪದ. ಓದುವಾಗ ಮನಸ್ಸಿಗೆ ಹತ್ತುವ ರುಚಿ ಅದು. ಅದಕ್ಕೆ ಮೂರು ಅಂಕ. ಆಯ್ಕೆ, ಸಂದರ್ಭ, ಸ್ವಾರಸ್ಯ ಎಂದು ಮೂರು ಉಪಶೀರ್ಷಿಕೆ ಹಾಕಿ, ಪ್ರತಿಯೊಂದಕ್ಕೂ ಸ್ಕೇಲಿನಲ್ಲಿ ಅಡಿಗೆರೆ ಎಳೆದು ಬರೆದರೆ ಪೂರ್ತಿ ಮೂರು. ಸ್ವಾರಸ್ಯ ಏನೆಂದು ಗೈಡಿನಲ್ಲಿ ಅಚ್ಚಾಗಿರುತ್ತದೆ. ಗೈಡು ಕೊಳ್ಳಲಾಗದವರಿಗೆ ನಾವೇ ಬೋರ್ಡಿನ ಮೇಲೆ ಬರೆದುಕೊಡುತ್ತೇವೆ. ಒಂದು ಸಲ ಅರ್ಧವಾರ್ಷಿಕ ಪರೀಕ್ಷೆಯ ಐವತ್ತೆರಡು ಉತ್ತರಪತ್ರಿಕೆ ತಿದ್ದಿದೆ. ಐವತ್ತೆರಡರಲ್ಲೂ ಒಂದೇ ಸ್ವಾರಸ್ಯ, ಒಂದೇ ವಾಕ್ಯ, 'ಕವಿಯ ಕಲ್ಪನೆ ಇಲ್ಲಿ ಅತ್ಯಂತ ಸ್ವಾರಸ್ಯಕರವಾಗಿ ಮೂಡಿಬಂದಿದೆ'. ಬರೆಸಿದವನು ನಾನೇ. ಒಬ್ಬನಾದರೂ 'ನನಗೆ ಇದರಲ್ಲಿ ಏನೂ ಸ್ವಾರಸ್ಯ ಕಾಣಲಿಲ್ಲ ಸಾರ್' ಎಂದು ಬರೆದಿದ್ದರೆ? ಸೊನ್ನೆ ಹಾಕುತ್ತಿದ್ದೆ.

ಈ ಕಾರ್ಖಾನೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಪೆಟ್ಟು ತಿನ್ನುವವರು ಒಳ್ಳೆಯ ಲೇಖಕರೇ. ಪಾಠವಾಗಿ ಬಂದ ಕತೆಯನ್ನು ಮಕ್ಕಳು ಮುಂದೆಂದೂ ಕತೆಯಾಗಿ ಕಾಣಲಾರರು. ಕುವೆಂಪು ಎಂದರೆ ಹುಟ್ಟಿದ್ದು 1904, ಊರು ಕುಪ್ಪಳಿ, ಪ್ರಶಸ್ತಿ ಜ್ಞಾನಪೀಠ. ಬೊಮ್ಮನಹಳ್ಳಿಯ ಇಲಿಗಳನ್ನು ನೆನೆದು ಎರಡನೇ ಕ್ಲಾಸಿನಲ್ಲಿ ನಕ್ಕಿದ್ದ ಹುಡುಗನೇ ಒಂಬತ್ತನೇ ಕ್ಲಾಸಿನಲ್ಲಿ ಕುವೆಂಪು ಹೆಸರು ಬಂದರೆ ಪೆನ್ನು ಹಿಡಿಯುತ್ತಾನೆ, ಬರೆದುಕೊಳ್ಳಲು.

ಇಲ್ಲಿ ನನ್ನದೊಂದು ತಪ್ಪನ್ನು ಹೇಳಿಕೊಳ್ಳಬೇಕು. 1998ರ ಮಳೆಗಾಲ. ಮಧ್ಯಾಹ್ನದ ಮೊದಲ ಪೀರಿಯಡ್ಡು. ಹೆಂಚಿನ ಮೇಲೆ ಮಳೆ ಎಷ್ಟು ಜೋರಾಗಿತ್ತೆಂದರೆ ನನ್ನ ದನಿ ಮೂರನೇ ಬೆಂಚಿಗೂ ಮುಟ್ಟುತ್ತಿರಲಿಲ್ಲ. ತತ್ಸಮ-ತದ್ಭವ ಪಾಠ. ಕಿಟಕಿ ಪಕ್ಕದ ಬೆಂಚಿನಲ್ಲಿ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ವ್ಯಾಕರಣ ಪುಸ್ತಕ ಎತ್ತಿ ಹಿಡಿದಿದ್ದಳು. ಅಷ್ಟು ಶ್ರದ್ಧೆಯಿಂದ ತತ್ಸಮ-ತದ್ಭವ ಓದುವ ಮಗು ಭೂಮಿಯ ಮೇಲೆ ಇರಲಾರದೆಂದು ನನಗೆ ಅನುಮಾನ ಬಂತು. ಹಿಂದಿನಿಂದ ಹೋಗಿ ನೋಡಿದರೆ ಒಳಗೆ ತೇಜಸ್ವಿಯವರ 'ಕರ್ವಾಲೊ'. ತುಟಿ ಒಂಚೂರು ತೆರೆದಿತ್ತು. ನಾನು ಬಂದು ನಿಂತದ್ದೇ ಅವಳಿಗೆ ಗೊತ್ತಾಗಲಿಲ್ಲ. ಪುಸ್ತಕ ಕಿತ್ತುಕೊಂಡೆ. "ಪಾಠದ ಹೊತ್ನಲ್ಲಿ ಕಾದಂಬರಿನಾ?" ಎಂದು ಗದರಿದೆ. ಇಡೀ ಕ್ಲಾಸು ನಕ್ಕಿತು. ಪುಸ್ತಕ ಸ್ಟಾಫ್ ರೂಮಿನ ಬೀರು ಸೇರಿತು. ಅಪ್ಪ ಅಮ್ಮ ಬಂದು ಕೇಳಲಿ, ಕೊಡೋಣ ಅಂದುಕೊಂಡಿದ್ದೆ. ಯಾರೂ ಬರಲಿಲ್ಲ, ನಾನು ಮರೆತೆ.

ಎರಡು ತಿಂಗಳಾದ ಮೇಲೆ ಪ್ರಬಂಧಕ್ಕೆ 'ನನ್ನ ಮೆಚ್ಚಿನ ಲೇಖಕ' ಎಂದು ಕೊಟ್ಟೆ. ಉಳಿದವರೆಲ್ಲ ಕುವೆಂಪು, ಬೇಂದ್ರೆ. ಆ ಹುಡುಗಿ ಮಾತ್ರ ಪೂರ್ಣಚಂದ್ರ ತೇಜಸ್ವಿ. ಬರೆದದ್ದು ಮಾತ್ರ ನಾನು ಕಲಿಸಿದ ಮಾದರಿಯಲ್ಲೇ. ಜನನ 1938, ಜಿಲ್ಲೆ ಶಿವಮೊಗ್ಗ, 'ಚಿದಂಬರ ರಹಸ್ಯ'ಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ, ಇತರ ಕೃತಿಗಳು 'ಅಬಚೂರಿನ ಪೋಸ್ಟಾಫೀಸು', 'ಕರ್ವಾಲೋ'. ಕೊನೆಯ ಅಕ್ಷರಕ್ಕೆ ದೀರ್ಘ ಎಳೆದಿದ್ದಾಳೆಂದು ಅರ್ಧ ಅಂಕ ಕಳೆದು ಐದಕ್ಕೆ ನಾಲ್ಕೂವರೆ ಕೊಟ್ಟೆ. ಆ 'ಕರ್ವಾಲೊ' ನನ್ನ ಬೆನ್ನ ಹಿಂದಿನ ಬೀರುವಿನಲ್ಲೇ ಇತ್ತು. ನನಗೆ ನೆನಪೂ ಆಗಲಿಲ್ಲ.

ಬೀರು ಅಂದೆ. ನಮ್ಮ ಶಾಲೆಗಳಲ್ಲಿ ಗ್ರಂಥಾಲಯ ಎಂದರೆ ಬಹುಪಾಲು ಒಂದು ಕಬ್ಬಿಣದ ಬೀರು. ಇರುವುದು ಹೆಡ್‌ಮಾಸ್ಟರ ಕೋಣೆಯಲ್ಲೋ ಸ್ಟಾಫ್ ರೂಮಿನಲ್ಲೋ. ಬೀಗದಕೈ ಲೈಬ್ರರಿ ಚಾರ್ಜು ಹೊತ್ತ ಮೇಷ್ಟ್ರ ಹತ್ತಿರ, ಹೆಚ್ಚಾಗಿ ಕನ್ನಡದವನ ಹತ್ತಿರ. ಮಕ್ಕಳಿಗೆ ಪುಸ್ತಕ ಕೊಡಬಾರದೆಂಬ ದುಷ್ಟತನ ಯಾರಿಗೂ ಇರುವುದಿಲ್ಲ. ಆದರೆ ಪ್ರತಿ ಪುಸ್ತಕವೂ ಸ್ಟಾಕು. ಅದಕ್ಕೊಂದು ನಂಬರು, ರಿಜಿಸ್ಟರಿನಲ್ಲಿ ಒಂದು ಸಾಲು, ಎದುರಿಗೆ ಬೆಲೆ. ವರ್ಗವಾದಾಗ ಒಂದೊಂದನ್ನೂ ಎಣಿಸಿ ಚಾರ್ಜು ಒಪ್ಪಿಸಬೇಕು. ಹನ್ನೆರಡು ರೂಪಾಯಿಯ ಪುಸ್ತಕವೊಂದು ಕಮ್ಮಿ ಬಂದರೆ ಆಡಿಟ್ಟಿನವರ ಆಕ್ಷೇಪಣೆ, ವಿವರಣೆ, ವಸೂಲಿ. ಪುಸ್ತಕ ಓದಿ ಹರಿದರೆ ಮೇಷ್ಟ್ರು ಜವಾಬ್ದಾರ, ಗೆದ್ದಲು ತಿಂದರೆ ಯಾರೂ ಅಲ್ಲ. ಹೀಗಿರುವಾಗ ಯಾವ ಬುದ್ಧಿವಂತ ಬೀಗ ತೆಗೆಯುತ್ತಾನೆ? ನಾನೂ ಹತ್ತು ವರ್ಷ ಮಕ್ಕಳಿಗೆಂದು ತೆಗೆಯಲಿಲ್ಲ. ವರ್ಷಕ್ಕೊಮ್ಮೆ ತೆಗೆದು, ಎಣಿಸಿ, ನುಸಿಗುಳಿಗೆ ಹಾಕಿ ಮತ್ತೆ ಮುಚ್ಚುತ್ತಿದ್ದೆ.

ಗಣಿತದ ಮೇಷ್ಟ್ರಾಗಿದ್ದು 1924ರಲ್ಲಿ ಮದ್ರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದ ಎಸ್.ಆರ್. ರಂಗನಾಥನ್ 1931ರಲ್ಲಿ ಗ್ರಂಥಾಲಯಕ್ಕೆ ಐದು ಸೂತ್ರ ಹಾಕಿಕೊಟ್ಟರು. ಮೊದಲನೆಯದೇ, ಪುಸ್ತಕ ಇರುವುದು ಬಳಕೆಗೆ ಎಂಬುದು. ಇದರಲ್ಲೇನು ದೊಡ್ಡ ಮಾತು ಎಂದು ಓದಿದಾಗ ನನಗೂ ಅನ್ನಿಸಿತ್ತು. ಒಂದು ಕಾಲದಲ್ಲಿ ಯುರೋಪಿನಲ್ಲಿ ಪುಸ್ತಕಕ್ಕೆ ಸರಪಳಿ ಹಾಕಿ ಕಪಾಟಿಗೆ ಬಿಗಿಯುತ್ತಿದ್ದರಂತೆ. ನಮ್ಮ ಬೀರು ಅದಕ್ಕಿಂತ ಗಟ್ಟಿ. ಸರಪಳಿ ಹಾಕಿದ ಪುಸ್ತಕವನ್ನು ಅಲ್ಲೇ ನಿಂತಾದರೂ ಓದಬಹುದಿತ್ತಲ್ಲ! ರಂಗನಾಥನ್ ಕೊನೆಯ ವರ್ಷಗಳನ್ನು ನಮ್ಮ ಬೆಂಗಳೂರಿನಲ್ಲೇ ಕಳೆದು 1972ರಲ್ಲಿ ಅಲ್ಲೇ ತೀರಿಕೊಂಡರು. ನಮ್ಮ ರಾಜ್ಯದ ಸಾರ್ವಜನಿಕ ಗ್ರಂಥಾಲಯ ಕಾಯ್ದೆ 1965ರದು. ನಿಮ್ಮ ಮನೆ ಕಂದಾಯದ ರಸೀದಿ ತೆಗೆದು ನೋಡಿ, ಗ್ರಂಥಾಲಯ ಕರ ಎಂದು ಒಂದು ಸಾಲು ಇರುತ್ತದೆ. ಲೈಬ್ರರಿಯ ಮೆಟ್ಟಿಲು ಹತ್ತದವರೂ ಅದನ್ನು ಕಟ್ಟುತ್ತಲೇ ಇದ್ದೇವೆ.

ಇನ್ನೊಂದು ಕಾರಣವಿದೆ. ಸಭೆಗಳಲ್ಲಿ ಇದನ್ನು ಯಾರೂ ಎತ್ತುವುದಿಲ್ಲ, ಯಾಕೆಂದರೆ ಇದರಲ್ಲಿ ಮಾತಾಡಲು ಅಂಥ ಅಂದವೇನಿಲ್ಲ. ಎಷ್ಟೋ ಮಕ್ಕಳಿಗೆ ಓದು ಸುಖ ಕೊಡುವುದಿಲ್ಲ, ಯಾಕೆಂದರೆ ಅವರಿಗೆ ಓದು ಇನ್ನೂ ಸಲೀಸಾಗಿ ಬರುವುದೇ ಇಲ್ಲ. ಹಳ್ಳಿಗಾಡಿನ ಮಕ್ಕಳ ಕಲಿಕೆಯನ್ನು ಅಳೆಯುವ ಅಸರ್ ಸಮೀಕ್ಷೆ ಪ್ರಕಾರ, 2018ರಲ್ಲಿ ದೇಶದ ಗ್ರಾಮೀಣ ಭಾಗದ ಐದನೇ ಕ್ಲಾಸಿನ ಮಕ್ಕಳಲ್ಲಿ ಎರಡನೇ ಕ್ಲಾಸಿನ ಪಾಠ ಓದಬಲ್ಲವರು ನೂರಕ್ಕೆ ಸುಮಾರು 50. ಕೊರೋನಾ ಕಾಲದ ಶಾಲೆ ಮುಚ್ಚುಗಡೆಯ ನಂತರ, 2022ರಲ್ಲಿ, ಅದು ಸುಮಾರು 43ಕ್ಕೆ ಇಳಿಯಿತು. ಎಂಟನೇ ಕ್ಲಾಸಿಗೆ ಬಂದ ಹುಡುಗನೊಬ್ಬನನ್ನು ಗಟ್ಟಿಯಾಗಿ ಓದಿಸಿದ್ದೆ. 'ಸಂಕ್ರಾಂತಿ' ಎಂಬಲ್ಲಿ ಸೊನ್ನೆಗೆ ಒಂದು ಸಲ ನಿಂತ, ಕ್ರಾವತ್ತಿಗೆ ಇನ್ನೊಂದು ಸಲ, ಆಮೇಲೆ ಹಿಂದಕ್ಕೆ ಹೋಗಿ ಇಡೀ ಪದ ಕೂಡಿಸಿದ. ವಾಕ್ಯದ ಕೊನೆಗೆ ಬರುವ ಹೊತ್ತಿಗೆ ವಾಕ್ಯದ ಆರಂಭ ಅವನ ತಲೆಯಿಂದ ಹೊರಟುಹೋಗಿತ್ತು. ಹಣೆಯಲ್ಲಿ ಬೆವರು. ಸೈಕಲ್ಲು ಕಲಿಯುವವನು ಒಳಪೆಡಲು ತುಳಿಯುತ್ತ ಹತ್ತು ಮಾರಿಗೊಮ್ಮೆ ಬೀಳುತ್ತಿದ್ದರೆ ಅವನಿಗೆ ದಾರಿಬದಿಯ ಹೊಂಗೆ ಹೂವು ಕಾಣುತ್ತದೆಯೆ? ಇಂಥ ಹುಡುಗನಿಗೆ ಬೇಕಾದದ್ದು ಅವನ ಮಟ್ಟದ, ಅವನಿಗೆ ನಗು ತರಿಸುವ, ಸಲೀಸಾಗಿ ಮುಗಿಯುವ ಐವತ್ತು ಪುಸ್ತಕ. ನಾವು ಅವನಿಗೆ ಕೊಡುವುದು ಎಂಟನೇ ಕ್ಲಾಸಿನ ಹಳಗನ್ನಡ ಪದ್ಯ.

ಇಂಗ್ಲಿಷ್ ಮೀಡಿಯಂ ಮಕ್ಕಳದ್ದು ಇನ್ನೊಂದು ಪಾಡು. ನನ್ನ ಮೊಮ್ಮಗನನ್ನೇ ನೋಡುತ್ತಿದ್ದೇನೆ. ಇಂಗ್ಲಿಷ್ ಪುಸ್ತಕವನ್ನು ಸರಸರ ಓದುತ್ತಾನೆ, ಅದರಲ್ಲಿನ ಊಟ, ಹವೆ, ಬೈಗುಳ ಯಾವುದೂ ಅವನದಲ್ಲ. ಕನ್ನಡದ ಕತೆ ಹೇಳಿದರೆ ಬಿದ್ದು ಬಿದ್ದು ನಗುತ್ತಾನೆ, ಓದು ಅಂದರೆ ಒತ್ತಕ್ಷರಕ್ಕೆ ಎಡವುತ್ತಾನೆ. ಕಿವಿಯ ಭಾಷೆ ಒಂದು, ಕಣ್ಣಿನ ಭಾಷೆ ಇನ್ನೊಂದು.

ಸರಿ, ಪುಸ್ತಕ ಕೊಟ್ಟೆವು ಅನ್ನಿ. ಎಂಥದ್ದು ಕೊಡುತ್ತೇವೆ? ವಾರ್ಷಿಕೋತ್ಸವದ ಬಹುಮಾನ ನೆನಪಿಸಿಕೊಳ್ಳಿ. ಓಟದಲ್ಲಿ ಗೆದ್ದವನಿಗೆ ಸ್ಟೀಲ್ ಲೋಟ, ಭಾಷಣದಲ್ಲಿ ಗೆದ್ದವನಿಗೆ ಮಹಾಪುರುಷರ ಜೀವನಚರಿತ್ರೆ. ಲೋಟ ಗೆದ್ದವನನ್ನು ಪುಸ್ತಕ ಗೆದ್ದವನು ಅಸೂಯೆಯಿಂದ ನೋಡುವುದನ್ನು ಪ್ರತಿ ವರ್ಷ ಕಂಡಿದ್ದೇನೆ. ಮಕ್ಕಳಿಗೆ ಒಳ್ಳೆಯದಾಗಬೇಕೆಂದು ಆರಿಸಿದ ಪುಸ್ತಕದಲ್ಲಿ ಔಷಧದ ವಾಸನೆ ಬರುತ್ತದೆ, ಮಕ್ಕಳ ಮೂಗು ಚುರುಕು. ಹಾಗೆಂದು ಜೀವನಚರಿತ್ರೆಗಳೇ ಬೇಡ ಎನ್ನಲಾರೆ. ಎಪ್ಪತ್ತರ ದಶಕದಲ್ಲಿ ರಾಷ್ಟ್ರೋತ್ಥಾನದವರು ಎಲ್.ಎಸ್. ಶೇಷಗಿರಿರಾಯರ ಸಂಪಾದಕತ್ವದಲ್ಲಿ ಭಾರತ-ಭಾರತಿ ಎಂಬ ಮಾಲೆ ತಂದರು. ಒಟ್ಟು 510 ಪುಟ್ಟ ಪುಸ್ತಕ, ಎಲ್ಲವೂ ಮಹಾಪುರುಷರೇ. ಅವನ್ನು ಮಕ್ಕಳು ಮುಗಿಬಿದ್ದು ಓದಿದರು. ಯಾಕೆಂದು ಬಹಳ ಯೋಚಿಸಿದ್ದೇನೆ. ತೆಳ್ಳಗಿದ್ದವು, ಚಡ್ಡಿ ಜೇಬಿಗೆ ಹಿಡಿಯುತ್ತಿದ್ದವು, ಕೂತಲ್ಲೇ ಮುಗಿಯುತ್ತಿದ್ದವು, 'ನಿನ್ನ ಹತ್ರ ಎಷ್ಟಿದೆ, ನನ್ನ ಹತ್ರ ಇಷ್ಟಿದೆ' ಎಂದು ಬೆಂಕಿಪೊಟ್ಟಣದ ಚಿತ್ರಗಳ ಹಾಗೆ ವಿನಿಮಯ ಮಾಡಿಕೊಳ್ಳಬಹುದಿತ್ತು. ಪುಸ್ತಕ ಮುಗಿಸಿದೆ ಎಂಬ ಜಂಬ ಸಣ್ಣ ಸಂಗತಿಯಲ್ಲ.

ಪಿಯುಸಿಯ ಎರಡು ವರ್ಷದ ಮಾತು ಆಡಲು ನನಗೆ ಮನಸ್ಸಿಲ್ಲ. ನಮ್ಮ ನೆಂಟರ ಹುಡುಗನೊಬ್ಬ ನೀಟ್ ಪರೀಕ್ಷೆಗೆಂದು ಹಾಸ್ಟೆಲ್ ಸೇರಿದ. ಮೊದಲ ದಿನವೇ ಟ್ರಂಕ್ ಚೆಕಿಂಗ್. ತೆಗೆದಿರಿಸಿಕೊಂಡದ್ದು ಎರಡು ವಸ್ತು, ಒಂದು ಮೊಬೈಲು, ಇನ್ನೊಂದು ಕಾದಂಬರಿ. ಎರಡಕ್ಕೂ ಒಂದೇ ಚೀಟಿ, ಒಂದೇ ಕವರು. ಹುಡುಗನ ಅಪ್ಪನಿಗೆ ಸಂಸ್ಥೆಯ ಶಿಸ್ತು ಬಹಳ ಹಿಡಿಸಿತು.

ಮೊಬೈಲಿನ ಮಾತು ಬಂತಲ್ಲ, ಈ ವಿಷಯದ ಮೇಲೆ ಭಾಷಣ ಮಾಡುವವರೆಲ್ಲ ಅಲ್ಲಿಂದಲೇ ಶುರುಮಾಡುತ್ತಾರೆ. ನಾನು ಕೆಲಸಕ್ಕೆ ಸೇರಿದ್ದು 1983ರಲ್ಲಿ. ಆಗ ನಮ್ಮೂರಿಗೆ ಟೀವಿಯೂ ಬಂದಿರಲಿಲ್ಲ. ಆಗಲೂ ಎಂಟನೇ ಕ್ಲಾಸಿಗೆ ಬರುವ ಹೊತ್ತಿಗೆ ಮಕ್ಕಳು ಕತೆಪುಸ್ತಕ ಬಿಟ್ಟಿರುತ್ತಿದ್ದರು. ನನ್ನ ಲೆಕ್ಕದಲ್ಲಿ ಮೊಬೈಲು ಬಂದದ್ದು ಮನೆ ಖಾಲಿಯಾದ ಮೇಲೆ. ಖಾಲಿ ಮನೆಗೆ ಯಾರಾದರೊಬ್ಬರು ಬಾಡಿಗೆಗೆ ಬಂದೇ ಬರುತ್ತಾರೆ. ಈ ಬಾಡಿಗೆದಾರ ಸುಲಭಕ್ಕೆ ಬಿಟ್ಟುಹೋಗುವವನಲ್ಲ, ಅದೂ ನಿಜ.

ನನಗೆ ಬುದ್ಧಿ ಬಂದದ್ದು ತಡವಾಗಿ. ನಿವೃತ್ತಿಗೆ ಆರೇಳು ವರ್ಷ ಇರುವಾಗ, ಶನಿವಾರದ ಕೊನೆಯ ಪೀರಿಯಡ್ಡಿನಲ್ಲಿ ಸುಮ್ಮನೆ ಗಟ್ಟಿಯಾಗಿ ಓದಿ ಹೇಳಲು ಶುರುಮಾಡಿದೆ. ನಮ್ಮೂರಿನ ವಿರಾಟಪರ್ವದ ನೆನಪೇ ಅದಕ್ಕೆ ಕಾರಣ ಇರಬೇಕು. ತೇಜಸ್ವಿಯವರ 'ಪರಿಸರದ ಕತೆ'ಯಿಂದ ಆರಂಭ. ಅದರಲ್ಲಿನ 'ಕಿವಿ' ಎಂಬ ನಾಯಿ ಬಂದರೆ ಸಾಕು, ಹಿಂದಿನ ಬೆಂಚಿನವರು ಮುಂದಿನ ಬೆಂಚಿಗೆ ಬಂದು ನೆರೆಯುತ್ತಿದ್ದರು. ನಿಯಮ ಎರಡೇ. ಯಾರೂ ನೋಟ್ಸ್ ತೆಗೆಯಬಾರದು, ನಾನು ಪ್ರಶ್ನೆ ಕೇಳಬಾರದು. ಕತೆ ಬಿಸಿಯೇರುವ ಹೊತ್ತಿಗೆ ಗಂಟೆ ಹೊಡೆದರೆ ಪುಸ್ತಕ ಮುಚ್ಚಿ ಮೇಜಿನ ಮೇಲೆ ಬಿಟ್ಟು ಬರುತ್ತಿದ್ದೆ, ಮರೆತವನಂತೆ. ಸೋಮವಾರ ಪುಸ್ತಕ ಅಲ್ಲಿ ಇರುತ್ತಿರಲಿಲ್ಲ. ಬುಧವಾರವೋ ಗುರುವಾರವೋ ಮೂಲೆ ಮಡಚಿಕೊಂಡು, ಮೇಲೆ ಎಣ್ಣೆಯ ಬೆರಳಗುರುತು ಹೊತ್ತು ವಾಪಸು ಬಂದಿರುತ್ತಿತ್ತು. ಕೆಲವು ಬರಲೇ ಇಲ್ಲ. ಕದ್ದ ಪುಸ್ತಕವನ್ನು ಓದದೆ ಬಿಡುವ ಹುಡುಗನನ್ನು ನಾನು ಕಂಡಿಲ್ಲ.

ಒಂದು ಶನಿವಾರ ತಪಾಸಣೆಗೆ ಅಧಿಕಾರಿಗಳು ಬಂದರು. ಹಿಂದಿನ ಬೆಂಚಿನಲ್ಲಿ ಕೂತು ಹತ್ತು ನಿಮಿಷ ಕೇಳಿದರು, ನಡುನಡುವೆ ಅವರೂ ನಕ್ಕರು. ಹೊರಗೆ ಬಂದ ಮೇಲೆ ಕೇಳಿದರು: "ಮೇಷ್ಟ್ರೇ, ಇದರ ಕಲಿಕಾ ಫಲ ಏನು ಅಂತ ಬರ್ಕೊಂಡಿದ್ದೀರಿ?" ನಾನು ಏನೂ ಬರೆದುಕೊಂಡಿರಲಿಲ್ಲ. 'ಆಲಿಸುವ ಸಾಮರ್ಥ್ಯ' ಎಂದು ಬರೆಯಿರಿ ಎಂದು ಅವರೇ ಹೇಳಿಕೊಟ್ಟರು. ಒಳ್ಳೆಯ ಮನುಷ್ಯ.

ಈಚೆಗೆ ನಮ್ಮ ಪಂಚಾಯಿತಿಯ ಗ್ರಂಥಾಲಯಕ್ಕೆ ಹೋಗುತ್ತಿರುತ್ತೇನೆ. ಅರಿವು ಕೇಂದ್ರ ಎಂದು ಅದಕ್ಕೆ ಹೊಸ ಹೆಸರು. 2020ರ ನವೆಂಬರಿನಲ್ಲಿ 'ಓದುವ ಬೆಳಕು' ಎಂದು ಶುರುವಾಗಿ, ಆರರಿಂದ ಹದಿನೆಂಟು ವರ್ಷದ ಮಕ್ಕಳಿಗೆಲ್ಲ ಪಂಚಾಯಿತಿ ಗ್ರಂಥಾಲಯದ ಸದಸ್ಯತ್ವ ಬಿಟ್ಟಿ ಕೊಟ್ಟರು. ಎಲ್ಲ ಕಡೆಯೂ ಒಂದೇ ಥರ ನಡೆಯುತ್ತಿದೆ ಎಂದು ನಾನು ನಂಬುವುದಿಲ್ಲ. ನಮ್ಮಲ್ಲಿ ಮೇಲ್ವಿಚಾರಕಿಯಾಗಿ ಒಬ್ಬಳು ಹೆಣ್ಣುಮಗಳಿದ್ದಾಳೆ. ಮಕ್ಕಳು ಚಾಪೆಯ ಮೇಲೆ ಬೋರಲು ಬಿದ್ದುಕೊಂಡು, ಕಾಲು ಮೇಲೆತ್ತಿ ಅಲ್ಲಾಡಿಸುತ್ತ ಓದುತ್ತವೆ, ಅವಳು ಬೈಯುವುದಿಲ್ಲ. ನೆಟ್ಟಗೆ ಕೂತು ಓದು ಎಂದು ಹೇಳಲು ನನ್ನ ಬಾಯಿ ತುರಿಸುತ್ತದೆ, ಮೂವತ್ತನಾಲ್ಕು ವರ್ಷದ ಅಭ್ಯಾಸ.

2017ರಲ್ಲಿ ನಾನು ನಿವೃತ್ತನಾದೆ. ಚಾರ್ಜು ಒಪ್ಪಿಸುವ ದಿನ ಬೀರು ತೆಗೆದು, ರಿಜಿಸ್ಟರು ಹಿಡಿದು, ಹೊಸದಾಗಿ ಬಂದಿದ್ದ ಮೇಡಂ ನಂಬರು ಕೂಗುವುದು, ನಾನು ಪುಸ್ತಕ ತೋರಿಸುವುದು. ಎಲ್ಲ ಮುಗಿದ ಮೇಲೆ ಕೆಳಗಿನ ಅರೆಯಲ್ಲಿ ಒಂದು ಉಳಿಯಿತು. "ಸಾರ್, ಇದು ಸ್ಟಾಕ್‌ನಲ್ಲಿ ಇಲ್ಲ, ನಂಬರೇ ಇಲ್ಲ. ಏನ್ಮಾಡೋದು?" ಎಂದರು. 'ಕರ್ವಾಲೊ'. ತಕ್ಷಣ ಮಳೆಯ ಸದ್ದು ಕೇಳಿಸಿತು ನನಗೆ. ತೆರೆದು ನೋಡಿದರೆ ನಡುವೆ ಗುರುತಿಗೆ ಇಟ್ಟ ಬಸ್ ಟಿಕೆಟ್ಟು. ಕತೆಯಲ್ಲಿ ಹಾರುವ ಓತಿಯನ್ನು ಹುಡುಕಿಕೊಂಡು ಇನ್ನೂ ಕಾಡಿಗೆ ಹೊರಟಿಲ್ಲ, ಅದಕ್ಕಿಂತ ಹಿಂದಿನ ಪುಟ. ಮೊದಲ ಹಾಳೆಯಲ್ಲಿ, ಅವತ್ತು ಸಿಟ್ಟಿನಲ್ಲಿ ನಾನು ನೋಡದೆ ಹೋದ ನೀಲಿ ಮೊಹರು, ತಾಲ್ಲೂಕು ಕೇಂದ್ರದ ಸಾರ್ವಜನಿಕ ಗ್ರಂಥಾಲಯದ್ದು. ಪುಸ್ತಕ ಅವಳದ್ದೇ ಅಲ್ಲ.

ಮಾರನೆಯ ವಾರ ಅದನ್ನು ಒಯ್ದು ಕೊಡಲು ಹೋದೆ. ಗ್ರಂಥಪಾಲಕರು ವಯಸ್ಸಿನಲ್ಲಿ ಚಿಕ್ಕವರು, ತಾಳ್ಮೆಯವರು. ಹಳೆಯ ರಿಜಿಸ್ಟರುಗಳ ಕಟ್ಟು ಬಿಚ್ಚಿ, ಧೂಳು ಕೊಡವಿ, ಅರ್ಧ ಗಂಟೆ ಹುಡುಕಿದರು. ಸಿಕ್ಕಿತು. 1998ರ ಜುಲೈಯಲ್ಲಿ ಒಯ್ದದ್ದು, ಎದುರಿಗೆ ಕೆಂಪು ಶಾಯಿಯಲ್ಲಿ 'ಕಳೆದುಹೋಗಿದೆ' ಎಂದು ಬರೆದು, ಪುಸ್ತಕದ ಬೆಲೆಯನ್ನು ಠೇವಣಿಯಲ್ಲಿ ಮುರಿದುಕೊಂಡು, ಕಾರ್ಡು ರದ್ದು ಮಾಡಿತ್ತು. ಆಮೇಲೆ ಆ ಹೆಸರಿನಲ್ಲಿ ಇನ್ಯಾವ ಪುಸ್ತಕವೂ ಹೋಗಿರಲಿಲ್ಲ.

"ಲೆಕ್ಕ ಮುಗಿದುಹೋಗಿದೆ ಸಾರ್. ಈಗ ವಾಪಸು ತಗೊಳ್ಳೋಕೆ ಬರಲ್ಲ" ಎಂದರು ಅವರು. "ದುಡ್ಡು ಕಟ್ಟಿದ ಮೇಲೆ ಪುಸ್ತಕ ನಿಮ್ಮದೇ."

ನನ್ನದಲ್ಲ ಎಂದೆ. ಅವರಿಗೆ ಅರ್ಥವಾಗಲಿಲ್ಲ. ಪುಸ್ತಕ ಈಗಲೂ ನನ್ನ ಮನೆಯಲ್ಲಿದೆ. ಟಿಕೆಟ್ಟು ಅದೇ ಪುಟದಲ್ಲಿದೆ.